ರೇಯೊ ಮಾವನ ಜಾಕೆಟ್

“ಬ್ಯಾಗಲ್ಲಿ ಏನಿದೆ ಪುಟ್ಟಿ?” ಹಾಡಿನ ಹಬ್ಬದ ಗೇಟಿನಲ್ಲಿದ್ದ ಹೆಂಗಸು ಕೇಳಿದಳು.

“ಜಾಕೆಟ್,” ಅಂದಳು ವಿಲ್ಯಾ. ಬ್ಯಾಗನ್ನು ಎದೆಗೆ ಅವಚಿಕೊಂಡಳು.

ಜಾಕೆಟ್ ಅವಳದಲ್ಲ, ರೇಯೊ ಮಾವನದು. ತೋಳಿಲ್ಲದ ಜೀನ್ಸ್ ಜಾಕೆಟ್, ಮೈತುಂಬ ಹೆವಿ ಮೆಟಲ್ ಸಂಗೀತದ ಬ್ಯಾಂಡುಗಳ ಹೆಸರು ಹೊತ್ತ ಬಟ್ಟೆ ಪ್ಯಾಚುಗಳು. ಹಾಲಿನ ಲಾರಿ ಓಡಿಸುವ ಮಾವ ಹೋದ ವಾರ ಅದನ್ನು ಇವರ ಮನೆಯ ಗೂಟಕ್ಕೆ ನೇತುಹಾಕಿ ಮರೆತು ಹೋಗಿದ್ದ. ಹಬ್ಬಕ್ಕೆ ಬರುವಾಗ ತಂದುಬಿಡು, ಹದಿನೆಂಟು ವರ್ಷದಿಂದ ಅದಿಲ್ಲದೆ ನಾನು ಅಲ್ಲಿ ಹಾಡು ಕೇಳಿದ್ದೇ ಇಲ್ಲ ಎಂದು ಫೋನಿನಲ್ಲಿ ಹೇಳಿದ್ದ.

ಜಾಕೆಟ್ಟಿನಿಂದ ಹೊಗೆ, ಬೆವರು, ಕೆಸರು ಎಲ್ಲ ಕಲೆತ ನಾತ ಬರುತ್ತಿತ್ತು. ಪಾಪ, ಮಾವನಿಗೆ ಒಗೆದುಕೊಡುವವರು ಯಾರಿದ್ದಾರೆ ಎಂದುಕೊಂಡು ವಿಲ್ಯಾ ಅದನ್ನು ಮಷಿನ್ನಿಗೆ ಹಾಕಿದಳು. ಬಿಸಿನೀರು. ಹೂವಿನ ವಾಸನೆಯ ಸೋಪು, ಧಾರಾಳವಾಗಿ.

ಹೊರಗೆ ತೆಗೆದಾಗ ಐದು ಪ್ಯಾಚು ಕಿತ್ತು ಬಂದಿದ್ದವು. ಬೆನ್ನಿನ ದೊಡ್ಡ ಪ್ಯಾಚಿನ ಮೇಲೆ ಮಾವ ಶಾಲೆಯಲ್ಲಿದ್ದಾಗ ಕೈಯಾರೆ ಬರೆದ ಕರಡಿಯಿತ್ತು. ಈಗ ಅಲ್ಲಿ ಬರೀ ಬಿಳಿ ಬಟ್ಟೆ.

ಗೇಟಿನೊಳಗೆ, ಫೈರ್ ಸ್ಟೇಷನ್ನಿನ ಹಿಂದಿನ ಹುಲ್ಲುಗಾವಲಿನಲ್ಲಿ ಇನ್ನೂರು ಜನ ಸೇರಿದ್ದರು. ಎಲ್ಲರೂ ಕಪ್ಪು ಬಟ್ಟೆಯವರು. ಸದ್ದು ತಡೆಯುವ ದೊಡ್ಡ ಇಯರ್‌ಮಫ್ ಹಾಕಿಕೊಂಡ ಕೂಸೊಂದು ಅಪ್ಪನ ಹೆಗಲ ಮೇಲೆ ನಿದ್ದೆ ಹೋಗಿತ್ತು. ಚರ್ಚಿನ ಹೆಂಗಸರು ಮೀನಿನ ಸೂಪ್ ಬಡಿಸುತ್ತಿದ್ದ ಟೆಂಟಿನ ಹತ್ತಿರ ಮಾವ ನಿಂತಿದ್ದ.

ಮಾವ ಬ್ಯಾಗ್ ಬಿಚ್ಚಿದ. ನೋಡಿದ. ಬೆನ್ನಿನ ಬಿಳಿ ಬಟ್ಟೆಯ ಮೇಲೆ ಬೆರಳಾಡಿಸಿದ.

“ನಾನೇ ಒಗೆದೆ ಮಾವ. ಕೊಳೆಯಾಗಿತ್ತು.”

ಅಷ್ಟರಲ್ಲಿ ಕೆರೆಯಾಚೆಯ ಚರ್ಚಿನಲ್ಲಿ ಆರರ ಗಂಟೆ ಹೊಡೆಯಿತು. ಪ್ರತಿ ವರ್ಷವೂ ಹಾಗೇ. ಗಂಟೆ ನಿಲ್ಲುವವರೆಗೆ ಡ್ರಮ್ಮೂ ಗಿಟಾರೂ ಕಾಯುತ್ತವೆ. ಎಲ್ಲರೂ ಟೋಪಿ ತೆಗೆದು ಸುಮ್ಮನೆ ನಿಂತರು. ದೇವರೇ, ಮಾವ ಬೈದರೂ ಪರವಾಗಿಲ್ಲ, ಹೀಗೆ ಸುಮ್ಮನಿರುವುದು ಬೇಡ ಎಂದು ವಿಲ್ಯಾ ಬೇಡಿಕೊಂಡಳು.

ಗಂಟೆ ನಿಂತಿತು.

“ಒಗೆಯೋದು ಗೊತ್ತು ನಿಂಗೆ,” ಅಂದ ಮಾವ. “ಹೊಲಿಯೋದು ಗೊತ್ತಾ?”

ಇಬ್ಬರೂ ಹುಲ್ಲಿನ ಮೇಲೆ ಕೂತರು. ಪಕ್ಕದಲ್ಲಿದ್ದ ಸಿರ್ಕ್ಕಾ ಎಂಬಾಕೆ, ಕತ್ತಿನ ತನಕ ಹಚ್ಚೆಯವಳು, ಜೇಬಿನಿಂದ ನಾಲ್ಕಾರು ಸೂಜಿಗಳನ್ನೂ ಹಲ್ಲಿನ ಸಂದಿಗೆ ಹಾಕುವ ದಾರದ ಡಬ್ಬಿಯನ್ನೂ ತೆಗೆದಳು.

“ಇದು ಹಲ್ಲಿಗಲ್ವಾ?” ವಿಲ್ಯಾ ಕೇಳಿದಳು.

“ಹಲ್ಲಿಗೂ ಆಗುತ್ತೆ. ಜಾಕೆಟ್ಟಿಗೆ ಇದಕ್ಕಿಂತ ಗಟ್ಟಿ ದಾರ ಇಲ್ಲ.”

ಹೊಟ್ಟೆ ಮುಟ್ಟುವ ಗಡ್ಡದ ಉರ್ಪೊ ಬಂದು ಮೂಸಿ ನೋಡಿದ. “ರೇಯೊ, ನಮ್ಮಜ್ಜಿ ಬಟ್ಟೆ ಬೀರು ಥರ ಘಮಘಮ ಅಂತಿದೀಯಲ್ಲೋ.” ಹಾಗೆನ್ನುತ್ತಲೇ ಕೂತು ಒಂದು ಪ್ಯಾಚು ಎತ್ತಿಕೊಂಡ. ಹೆಸರೂ ಗೊತ್ತಿಲ್ಲದ ಇನ್ನಿಬ್ಬರು ಬಂದು ಕೂತರು. ಒಬ್ಬ ತನ್ನ ಜಾಕೆಟ್ಟಿನ ಪ್ಯಾಚನ್ನೇ ಬಿಚ್ಚಿ ಕೊಟ್ಟ.

ಹೊಲಿಯುತ್ತ ಸಿರ್ಕ್ಕಾ ತನ್ನ ಜಾಕೆಟ್ಟಿನ ಅಂಚು ತೋರಿಸಿದಳು. “ಈ ಕಲೆ ಒಂದು ವರ್ಷ ಈ ಹಬ್ಬದಲ್ಲಿ ಸುರಿದ ಮಳೆ. ಇದು ನನ್ನ ತಂಗಿ ಚೆಲ್ಲಿದ ಕಾಫಿ. ಅವಳೀಗ ನಾರ್ವೆಯಲ್ಲಿದಾಳೆ.” ಆ ಕಲೆಯನ್ನು ಅವಳು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದಳು.

ವಿಲ್ಯಾಳ ಕೈಯ ಸೂಜಿ ನಿಂತಿತು. ಮಾವನ ಜಾಕೆಟ್ಟಿನಿಂದ ಯಾವ್ಯಾವ ಮಳೆ ಹೋಯಿತೋ.

ಮಾವ ಗೇಟಿನಿಂದ ಮಾರ್ಕರ್ ತಂದು ಬಿಳಿ ಬಟ್ಟೆಯನ್ನು ಅವಳ ಮುಂದೆ ಹಾಸಿದ. “ನನ್ನ ಕರಡಿ ಹೋಯ್ತು. ನಿಂದು ಬರಿ.”

ಅವಳು ನಾಲಿಗೆ ಕಚ್ಚಿಕೊಂಡು ಬರೆದಳು.

“ಹಸು ಚೆನ್ನಾಗಿದೆ,” ಅಂದ ಉರ್ಪೊ.

“ಅದು ಕರಡಿ.”

“ಹಾಲಿನ ಲಾರಿಯವನಿಗೆ ಹಸುನೇ ಸರಿ ಬಿಡು,” ಅಂದ ಮಾವ. ಎಲ್ಲರೂ ನಕ್ಕರು. ವಿಲ್ಯಾಳಿಗೂ ನಗು ತಡೆಯಲಾಗಲಿಲ್ಲ.

ಮಾವ ಜಾಕೆಟ್ ತೊಟ್ಟ. ಗಿಟಾರ್ ಗುಡುಗಿತು. ಮಾವ ಕುಣಿದ, ಉರ್ಪೊ ಕುಣಿದ, ವಿಲ್ಯಾ ಕೂದಲು ಬಿಚ್ಚಿ ಕತ್ತು ನೋಯುವಷ್ಟು ತಲೆ ಬೀಸಿದಳು. ಆಮೇಲೆ ಸೂಪಿನ ಬಟ್ಟಲು ಹಿಡಿದು ಬರುವಾಗ ಅವಳು ಎಡವಿ ಮಾವನ ಬೆನ್ನಿಗೇ ಡಿಕ್ಕಿ ಹೊಡೆದಳು. ಕರಡಿಯ ಕಾಲ ಬಳಿ ಹಳದಿ ಕಲೆ ಹರಡಿತು.

ಅವಳು ತಟ್ಟನೆ ಕರವಸ್ತ್ರ ತೆಗೆದಳು. ಒಂದು ಗಳಿಗೆ ಕಲೆಯನ್ನೇ ನೋಡಿದಳು. ಆಮೇಲೆ ಕರವಸ್ತ್ರವನ್ನು ಮಡಚಿ ಜೇಬಿಗೆ ಹಾಕಿಕೊಂಡಳು.