ಬೀಗ ಹಾಕಿದ ಫ್ರಿಜ್ಜು

ಅರವತ್ತಾರನೇ ಇಸವಿಯಲ್ಲಿ ಬಂಟ್ವಾಳದ ನಮ್ಮ ಮನೆಗೆ ಫ್ರಿಜ್ಜು ಬಂದ ಮೇಲೆ ನನ್ನದು ದಿನವೂ ಒಂದೇ ಬೊಬ್ಬೆ: ಸುಮ್ಮಸುಮ್ಮನೆ ಬಾಗಿಲು ತೆರೆಯಬೇಡಿ, ಹೊರಗಿನ ಬೆಚ್ಚನೆಯ ಹಸಿಗಾಳಿ ನುಗ್ಗಿ ಒಳಗೆಲ್ಲ ನೀರಾಗುತ್ತದೆ. ಕೇಳುವವರು ಯಾರು?

ಆ ಮಳೆಗಾಲ, ಸತ್ತವರಿಗೆ ಬಡಿಸುವ ಆಟಿ ತಿಂಗಳಲ್ಲಿ, ತೀರಿಹೋಗಿದ್ದ ಅಮ್ಮನ ಹೆಸರಿನಲ್ಲಿ ಬಡಿಸಿದ ಎಲೆಗೆ ಬೆಕ್ಕು ಬಾಯಿ ಹಾಕೀತೆಂದು ಹೆಂಡತಿ ಶಶಿಪ್ರಭಾ ಅದನ್ನು ಫ್ರಿಜ್ಜಿನಲ್ಲಿಟ್ಟಳು. ಸಂಜೆ ನಾನೇ ಬಾಗಿಲು ತೆರೆದು ಎಲೆಯನ್ನು ಹೊರಗೆ ತೆಗೆದೆ.

ಮರುದಿನದಿಂದ ಒಳಗೋಡೆಯಲ್ಲಿ ನೀರು ಇಳಿಯತೊಡಗಿತು, ಮೊಸರು ಹುಳಿಯಾಯಿತು. ಯಾರು ತೆರೆದದ್ದೆಂದು ಶಶಿಪ್ರಭಾಳ ಮೇಲೆ ರೇಗಿದೆ.

"ನಾನು ಮುಟ್ಟಲಿಲ್ಲ ಮಾರಾಯ್ರೆ. ಸತ್ತವರಿಗೆ ಬಡಿಸಿ ಮುಚ್ಚಿದ ಬಾಗಿಲನ್ನು ತಟ್ಟಿಯೇ ತೆರೆಯುವ ಕ್ರಮ ಉಂಟಲ್ಲ, ನೀವು ಅವತ್ತು ತಟ್ಟಿದ್ರಾ?"

"ಫ್ರಿಜ್ಜಿಗೆ ಯಾರಾದ್ರೂ ತಟ್ತಾರಾ?" ಎಂದು ಗದರಿ, ಅದಕ್ಕೆ ಬೀಗ ಹಾಕಿ, ಕೀಲಿಕೈ ಕಿಸೆಯಲ್ಲಿಟ್ಟುಕೊಂಡು ಮೂಡುಬಿದಿರೆಗೆ ಹೋದೆ. ಮರಳಿ ಬಂದು ತೆರೆದರೆ ಒಳಗೆ ಆಗಷ್ಟೇ ಯಾರೋ ಮಿಂದುಹೋದ ಬಚ್ಚಲಿನ ಹಾಗೆ ಬೆಚ್ಚಗೆ, ಹನಿಹನಿ. ಅಮ್ಮನ ಹೊಗೆಸೊಪ್ಪಿನ ವಾಸನೆ.

ಮಂಗಳೂರಿನಿಂದ ಬಂದ ರಿಪೇರಿಯವನು ಯಂತ್ರ ಸರಿ ಉಂಟು ಎಂದ. ಆದರೆ ಅವನು ಬಾಗಿಲು ತೆರೆದೊಡನೆ, ಯಾರೋ ಹತ್ತಿರದಿಂದ ಉಸಿರು ಬಿಟ್ಟಂತೆ ಅವನ ಕನ್ನಡಕಕ್ಕೆ ಮಂಜು ಕವಿದಿತ್ತು.

ಅಂದಿನಿಂದ ನಾನು ತಟ್ಟಿಯೇ ತೆರೆಯುತ್ತೇನೆ. ಹಾಳಾದದ್ದು, ಒಳಗೆ ಒಂದು ಹನಿ ನೀರಿಲ್ಲ.