ಮೋಡದೊಳಗೆ ಆರಿದ ನಕ್ಷೆ

ಉಪ್ಪುಂದದ ಗುಣಪಾಲರ ಜಗಲಿಗೆ ಶರಣ್ಯಾ ಬಂದು ಕೂತಾಗ, ಅವರ ಕಾರು ಓಡಿಸುವ ಪದ್ದು ಒಳಗೆ ಅವಲಕ್ಕಿ ಮುಗಿಸುವುದರಲ್ಲಿದ್ದ. ಹುಡುಗಿಯ ದನಿ ಕೇಳಿದ್ದೇ ಬಟ್ಟಲು ಅಲ್ಲೇ ಇಟ್ಟು ಹೊರಗೆ ಬಂದ. ಗುಣಪಾಲರು ಮುಂಬೈಯಲ್ಲಿ ಬಹಳ ವರ್ಷ ಹೋಟೆಲು ನಡೆಸಿ ಊರಿಗೆ ಮರಳಿದವರು. ಯಾರ ಮನೆಯ ಸರ ಕಾಣೆಯಾಗಲಿ, ಯಾರ ಬಲೆ ರಾತ್ರೋರಾತ್ರಿ ಹರಿದಿರಲಿ, ಜನ ಮೊದಲು ಬರುವುದು ಅವರ ಜಗಲಿಗೆ. ಆ ವಿಷಯದಲ್ಲಿ ಅವರಿಗಿಂತ ಪದ್ದುವಿಗೇ ಜಂಬ ಜಾಸ್ತಿ.

ಶರಣ್ಯಾ ಕಿರಿಮಂಜೇಶ್ವರದ ಮೀನುಗಾರರ ಮನೆಯ ಹುಡುಗಿ. ವಂಡ್ಸೆ ಕಡೆಯ ಕಲ್ಲುಪಾದೆಯ ಮೇಲೊಂದು ಖಾಸಗಿ ರನ್‌ವೇ ಇತ್ತು. ಅಲ್ಲಿಂದ ಎರಡು ಸೀಟಿನ ಪುಟ್ಟ ವಿಮಾನ ಹಾರಿಸಿ ಕಡಲಕೊರೆತದ ಚಿತ್ರ ತೆಗೆಯುವುದು ಅವಳ ಕೆಲಸ.

"ಗುಣಪಾಲಣ್ಣ, ನಾಳೆ ನನ್ನನ್ನ ಕೆಲ್ಸದಿಂದ ತೆಗೀತ್ರ್," ಅಂದಳು. "ಮೊನ್ನೆ ಹಾರುವಾಗ ಮ್ಯಾಪ್ ತೋರ್ಸು ಟ್ಯಾಬ್ಲೆಟ್ ಕಡಲ್ ಮೇಲೆ ಆರಿಹೋಯ್ತ್. ಸುತ್ತ ಮೋಡ. ದಿಕ್ಸೂಚಿ ಕಂಡ್ಕಂಡ್ ಪೂರ್ವಕ್ಕೆ ಬಂದೆ. ಮರವಂತೆಯ ರಸ್ತೆ ಕಂಡದ್ದಕ್ಕೆ ಜೀವ ಉಳೀತ್. ನಾನು ಚಾರ್ಜಿಗೇ ಹಾಕ್ಲಿಲ್ಲ ಅಂತ ಅನೂಪ್ ಸರ್ ವರದಿ ಬರೆದಿದ್ರ್. ಅದ್ ಮೇಲಿನವ್ರಿಗೆ ಹೋದ್ರೆ ಇನ್ನೆಲ್ಲೂ ನಂಗೆ ವಿಮಾನ ಕೊಡುದಿಲ್ಲ."

"ನೀನು ಹಾಕಿದ್ಯಾ?"

"ಹಾಕಿದ್ದೆ. ಏರುವಾಗ ಚಾರ್ಜರ್ ಹಾಕಿದ್ರೆ ರೇಡಿಯೋದಲ್ಲಿ ಗೊರಗೊರ ಬತ್ತ್. ಅದ್ಕೆ ಮೇಲೆ ಹೋದ ಮೇಲೇ ಹಾಕುದ್. ಆ ದಿನ ಪಿನ್ ಟಕ್ ಅನ್ಲಿಲ್ಲ, ಮೆತ್ತಗೆ ಹೋಯ್ತ್. ಅಷ್ಟೊತ್ತಿಗೆ ಮೋಡ ಬಂತ್, ಮತ್ತೆ ಕಾಂಬುಕಾಯ್ಲಿಲ್ಲ."

ಗುಣಪಾಲರು ಎದ್ದು ಅಂಗಿ ಹಾಕಿಕೊಂಡರು. ಅವಲಕ್ಕಿ ಅಲ್ಲೇ ಉಳಿಯಿತು.

ಪಾದೆಯ ಮೇಲಿನ ಶೆಡ್ಡಿನಲ್ಲಿ ಮ್ಯಾನೇಜರ್ ಅನೂಪ್ ಮುಖ ಗಂಟಿಕ್ಕಿಕೊಂಡೇ ಬಾಗಿಲು ತೆರೆದ. "ಆ ದಿನ ಮಧ್ಯಾಹ್ನ ನಾನೇ ಪರೀಕ್ಷೆ ಮಾಡಿದೆ. ಚಾರ್ಜ್ ಸರಿಯಾಗಿ ಆಗುತ್ತದೆ. ಬೇಕಾದರೆ ನೋಡಿ," ಎಂದು ಒಳಗೆ ನಿಂತಿದ್ದ ವಿಮಾನದ ಸಾಕೆಟ್ಟಿಗೆ ಚಾರ್ಜರಿನ ಪಿನ್ ಸಿಕ್ಕಿಸಿದ. ಟಕ್ ಎಂದಿತು. ಟ್ಯಾಬ್ಲೆಟ್ಟಿನಲ್ಲಿ ಹಸಿರು ಗುರುತು ಬಂತು. ಪದ್ದುವಿಗೆ ಸಂಶಯ ಬಂತು. ಹುಡುಗಿ ಸುಳ್ಳು ಹೇಳಿದಳೇ?

ಇನ್ನೊಬ್ಬ ಪೈಲಟ್ ಅಜಿತ್ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ಶರಣ್ಯಾ ಹೋದರೆ ಅವಳ ಪಾಳಿಯೆಲ್ಲ ಅವನಿಗೇ. ಶೆಡ್ಡಿನ ಕೀಲಿಯೂ ಅವನಲ್ಲಿತ್ತು. ಕಳ್ಳ ಇವನೇ ಎಂದು ಪದ್ದು ಆಗಲೇ ತೀರ್ಪು ಕೊಟ್ಟುಬಿಟ್ಟ.

ಗುಣಪಾಲರು ಸೀಟುಗಳ ನಡುವಿನ ಸಾಕೆಟ್ಟಿಗೆ ಕಣ್ಣಿಟ್ಟರು. ಬೆರಳುದ್ದದ ಗುಳಿ, ಬಾಯಿ ಮೇಲಕ್ಕೆ. ಅದರ ನೇರಕ್ಕೇ ಹೊರಗಾಳಿ ಬರುವ ಕಿಂಡಿ. ಗುಳಿಯ ಅಂಚಿನಲ್ಲಿ ಸಣ್ಣ ಇರುವೆಗಳ ಸಾಲು.

"ಇಲ್ಲಿ ಯಾರಾದರೂ ತಿಂಡಿ ತಿನ್ನುತ್ತೀರಾ?"

"ಒಂದು ಬಿಸ್ಕತ್ತೂ ಒಳಗೆ ಬಿಡುವುದಿಲ್ಲ," ಎಂದ ಅನೂಪ್.

ಹೊರಗೆ ಕಾವಲಿನ ಮುತ್ತ ಚಾ ತಂದುಕೊಟ್ಟ. ಮಳೆಗಾಲ ಮುಗಿದ ಹೊಸತರಲ್ಲಿ ಇಂಜಿನ್ ಕೆಟ್ಟು ಕಡಲಲ್ಲಿ ತೇಲುತ್ತಿದ್ದ ಅವನ ತಮ್ಮನ ದೋಣಿಯನ್ನು ಮೇಲಿನಿಂದ ಕಂಡು ಹೇಳಿದವಳು ಶರಣ್ಯಾ. "ಆ ಹುಡ್ಗಿ ನಮ್ಮನಿಗೆ ದೇವರ ಹಾಂಗೆ," ಅಂದ. "ಅವಳ ವಿಮಾನ ನಾನ್ ನಮ್ಮ ದೋಣಿ ಕಂಡ ಹಾಂಗೇ ಕಾಂತೆ. ಮೊನ್ನೆ ಅವಳು ಹಾರುಕ್ ಮುಂಚಿನ ದಿನವೂ ತೊಳ್ದು ಒರ್ಸಿ ಇಟ್ಟಿದ್ದೆ."

ಗುಣಪಾಲರು ಚಾ ಮುಗಿಸಿ ಎದ್ದರು. ಕಾರು ಹತ್ತುವಾಗ, "ಪದ್ದು, ನಾಳೆ ಬರುವಾಗ ಮೀನಿನ ಐಸ್ ಒಂದು ಪೆಟ್ಟಿಗೆ ಬೇಕು," ಅಂದರು.

"ಮೀನು ಬ್ಯಾಡ್ದಾ?"

"ಬರೀ ಐಸ್ ಸಾಕು ಮಾರಾಯ."

ಮರುದಿನ ಎಲ್ಲರೂ ವಿಮಾನದ ಸುತ್ತ ಸೇರಿದರು. ಅನೂಪನ ಕೈಯಲ್ಲಿ ಸಹಿ ಮಾಡುವುದೊಂದೇ ಬಾಕಿಯಿದ್ದ ವರದಿ ಇತ್ತು. ಶರಣ್ಯಾ ನೆಲ ನೋಡುತ್ತ ನಿಂತಿದ್ದಳು. ಗುಣಪಾಲರು ಐಸ್ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಸಾಕೆಟ್ಟಿನ ಸುತ್ತ ಒತ್ತಿಟ್ಟು, ಎಲ್ಲರಿಗೂ ಚಾ ಕುಡಿಯಲು ಹೇಳಿದರು. ಲೋಟ ಖಾಲಿಯಾದ ಮೇಲೆ, "ಈಗ ಹಾಕಿ ಅನೂಪ್," ಅಂದರು.

ಪಿನ್ ಮೆತ್ತಗೆ ಹೋಯಿತು. ಟಕ್ ಎನ್ನಲಿಲ್ಲ. ಹಸಿರು ಗುರುತೂ ಬರಲಿಲ್ಲ. ಅನೂಪ್ ತೆಗೆದು ಮತ್ತೆ ಒತ್ತಿದ. ಊಹೂಂ. ಪದ್ದು ಟಾರ್ಚ್ ಬಿಟ್ಟು ನೋಡಿದ. ಗುಳಿಯ ತಳದಲ್ಲಿ ಬೆಳ್ಳಗೆ ಏನೋ ಗಟ್ಟಿಯಾಗಿ ಕೂತಿತ್ತು.

"ತೆಂಗಿನೆಣ್ಣೆ," ಅಂದರು ಗುಣಪಾಲರು. "ಚಳಿಗಾಲದ ಬೆಳಿಗ್ಗೆ ಮನೆಯ ಬಾಟಲಿಯಲ್ಲಿ ಹೆಪ್ಪುಗಟ್ಟುತ್ತದಲ್ಲ, ಇಲ್ಲಿಯೂ ಅದೇ ಆದದ್ದು. ಕೆಳಗಿನ ಸೆಕೆಗೆ ಅದು ನೀರು. ಪಿನ್ನು ಅದನ್ನು ತಳ್ಳಿ ತಳ ಮುಟ್ಟುತ್ತದೆ, ಚಾರ್ಜ್ ಆಗುತ್ತದೆ. ನೀವು ನೋಡಿದ್ದು ಮಧ್ಯಾಹ್ನ, ಹಾಗಾಗಿ ನಿಮ್ಮ ಪರೀಕ್ಷೆಯೂ ಸುಳ್ಳಲ್ಲ. ಮೇಲೆ ತಣ್ಣನೆ ಗಾಳಿ ನೇರ ಗುಳಿಗೇ ಬೀಸಿ ಎಣ್ಣೆ ಗಟ್ಟಿಯಾಯಿತು. ಈ ಹುಡುಗಿ ಪಿನ್ ಹಾಕುವುದೇ ಮೇಲೆ ಹೋದ ನಂತರ. ಮೆತ್ತಗೆ ಹೋಯಿತು ಎಂದಾಗಲೇ ಏನೋ ಅಡ್ಡ ಇದೆ ಅನ್ನಿಸಿತು. ತಿಂಡಿಯಿಲ್ಲದ ಕಡೆ ಇರುವೆ ಕಂಡಾಗ ಅದು ಎಣ್ಣೆಯೋ ಬೆಲ್ಲವೋ ಎಂದುಕೊಂಡೆ. ನೆಲದಲ್ಲಿ ಸರಿ, ಮೇಲೆ ತಪ್ಪು ಅಂದಮೇಲೆ ತೆಂಗಿನೆಣ್ಣೆಯೇ."

"ಯಾರು ಹೊಯ್ದದ್ದು?" ಪದ್ದು ಅಜಿತನನ್ನೇ ನುಂಗುವಂತೆ ನೋಡಿದ.

"ನಿನ್ನ ಕಣ್ಣು ಆ ಕಡೆಯಿಂದ ತೆಗಿ. ಹಾಳು ಮಾಡುವವನು ವಯರ್ ಕತ್ತರಿಸುತ್ತಾನೆ. ಎಣ್ಣೆ ಬಿಡುವುದು ಉಳಿಸಬೇಕು ಎನ್ನುವವನು. ಇಲ್ಲಿನ ಕೆಲಸಕ್ಕೆ ಮೆಷಿನ್ ಆಯಿಲ್ ಇದೆ. ಇದು ಮನೆಯಿಂದ ಬಂದ ಎಣ್ಣೆ. ಉಪ್ಪುಗಾಳಿಗೆ ತುಕ್ಕು ಹಿಡಿಯದಿರಲಿ ಎಂದು ಕಬ್ಬಿಣ ಕಂಡಲ್ಲೆಲ್ಲ ಎಣ್ಣೆ ಸವರುವುದು ದೋಣಿಯವರ ಕೈಗೆ ಕೂತ ಅಭ್ಯಾಸ."

ಮುತ್ತ ಲೋಟ ಕೆಳಗಿಟ್ಟ. "ನಾನೇ," ಅಂದ. "ಒಳಗೆ ಕೆಂಪು ಕಂಡಿತ್ತ್. ತುಕ್ಕು ಹಿಡಿತ್ತ್ ಅಂತ ಮನೆಯ ಒಳ್ಳೆ ಎಣ್ಣೆ ತಂದ್ ಬಿಟ್ಟೆ. ಅದು ಕರೆಂಟ್ ಹೋಪ ಜಾಗ ಅಂತ ಗೊತ್ತಿಲ್ಲ. ತಮ್ಮನ್ನ ಉಳಿಸಿದವಳನ್ನ ನನ್ನ ಕೈಯಾರೆ ಕೊಲ್ತಿದ್ದೆ. ಸರ್, ನಾ ಇಲ್ಲಿ ಇಪ್ಪುದ್ ಬ್ಯಾಡ, ಹೋತೆ."

ಅವನು ಟೊಪ್ಪಿ ತೆಗೆದು ರೆಕ್ಕೆಯ ಮೇಲಿಟ್ಟ. ಅನೂಪ್ ಬೇಡ ಅನ್ನಲಿಲ್ಲ. ಶರಣ್ಯಾ ಹೋಗಿ ಅವನ ದಾರಿಗೆ ಅಡ್ಡ ನಿಂತಳು.

"ಅವರನ್ನ ಕಳ್ಸಿದ್ರೆ ಆ ವರದಿಗೂ ಸಹಿ ಹಾಕಿ ಸರ್, ನಾನೂ ಹೋತೆ." ಆಮೇಲೆ ಮುತ್ತನ ಕಡೆ ತಿರುಗಿದಳು. "ಮುತ್ತಣ್ಣ, ದೋಣಿ ಕಂಡ್ ಹೇಳುದ್ ನನ್ನ ಕೆಲ್ಸ, ಅದಕ್ಕೆ ಸಂಬಳ ಬತ್ತ್. ನನ್ನ ವಿಮಾನಕ್ಕೆ ತುಕ್ಕು ಹಿಡೀದೆ ಇರ್ಲಿ ಅಂತ ನಿಮಗೆ ಯಾರೂ ಹೇಳಿರ್ಲಿಲ್ಲ. ಇಲ್ಲಿ ನನ್ನ ಬಗ್ಗೆ ಅಷ್ಟು ಯೋಚ್ನೆ ಮಾಡಿದವರು ನೀವೊಬ್ರೇ."

ಅನೂಪ್ ವರದಿ ಹರಿದು, "ನಿನ್ನ ಮಾತು ನಾನು ಮೊದಲೇ ಕೇಳಬೇಕಿತ್ತು ಶರಣ್ಯಾ," ಅಂದ. ಅಜಿತ್ ಟೊಪ್ಪಿ ಎತ್ತಿ ಮುತ್ತನ ತಲೆಗಿಟ್ಟು, ಹತ್ತಿಬಟ್ಟೆ ಹಿಡಿದು ಸಾಕೆಟ್ ಒರೆಸಲು ಕೂತ. ಇವನ ಮೇಲೆ ಸುಮ್ಮನೆ ಸಂಶಯಪಟ್ಟೆನಲ್ಲ ಎಂದು ಪದ್ದುವಿಗೆ ನಾಚಿಕೆಯಾಯಿತು.

ಬಿಸಿಲೇರುವ ಮೊದಲು ಪರೀಕ್ಷೆಗೆಂದು ಶರಣ್ಯಾ ಮತ್ತೆ ಹಾರಿದಳು. ಅನೂಪನ ರೇಡಿಯೋದಲ್ಲಿ ಅವಳ ದನಿ ಬಂತು.

"ಚಾರ್ಜ್ ಆತಿತ್ತ್. ಮುತ್ತಣ್ಣನಿಗೆ ಹೇಳಿ."

ಮುತ್ತನಿಗೆ ಯಾರೂ ಹೇಳಬೇಕಿರಲಿಲ್ಲ. ಅವನು ರೇಡಿಯೋದ ಪಕ್ಕದಲ್ಲೇ ನಿಂತಿದ್ದ, ಅಳುತ್ತ.