ಎಂಜಿನ್ನಿನ ಬಾಯಿಗೆ ಕಟ್ಟಿದ ಅರಿವೆ

ಖಾನಾಪುರ ಪೊಲೀಸ್ ಠಾಣೆಗೆ ಆ ದೂರು ಬಂದದ್ದು ೨೦೦೦ನೇ ಇಸವಿಯ ನವೆಂಬರ್ ೧೩, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ. ಬರೆದುಕೊಂಡವರು ಹೆಡ್ ಕಾನ್‌ಸ್ಟೇಬಲ್ ಗುರುಪುತ್ರಪ್ಪ. ಐವತ್ತಮೂರು ವರ್ಷದ ಮನುಷ್ಯ. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು, ಒಬ್ಬಳೇ ಮಗಳು ಜಮಖಂಡಿಯ ಸೊಸೆ. ಕ್ವಾರ್ಟರ್ಸಿನ ಕೋಣೆಯಲ್ಲಿ ತಾವೇ ರೊಟ್ಟಿ ಬಡಿದು ತಾವೇ ತಿನ್ನುತ್ತಿದ್ದರು. ಸೂಟಿ ಬಂತೆಂದರೆ ಹೊತ್ತು ಹೋಗುವುದಿಲ್ಲವೆಂದು ಉಳಿದವರ ರವಿವಾರದ ಪಾಳಿಯನ್ನೂ ಕೇಳಿ ಇಸಿದುಕೊಳ್ಳುತ್ತಿದ್ದರು. ಠಾಣೆಯಲ್ಲಿ ಎಲ್ಲರೂ ಇದನ್ನು ಅವರ ದೊಡ್ಡಗುಣವೆಂದು ತಿಳಿದಿದ್ದರು.

ದೂರುದಾರನ ಹೆಸರು ಪ್ರಸಾದ, ವಯಸ್ಸು ಮೂವತ್ತೆಂಟು. ಸ್ಟೇಷನ್ ರಸ್ತೆಯಲ್ಲಿ ಮನೆ, ಊರ ಹೊರಗೆ ಹಂಚಿನ ಕಾರ್ಖಾನೆ.

"ಏನ್ ಕಳುವಾಗೇತ್ರಿ?"

"ಟರ್ಬೊ."

"ಹಂಗಂದ್ರ?"

"ಗಾಡಿ ಎಂಜಿನ್ನಿಗೆ ಜೋರಲೆ ಗಾಳಿ ಊದೂ ಫ್ಯಾನ್ ರೀ. ಅದು ಇತ್ತಂದ್ರ ಗಾಡಿ ಹುಲಿ. ಇಲ್ಲಾಂದ್ರ ಚಾಲೂ ಸೈತ ಆಗಂಗಿಲ್ಲ."

"ಯಾವಾಗ?"

"ನಿನ್ನಿ ರವಿವಾರ. ನಾನು, ನಮ್ಮ ಮನಿಯವ್ರು ನಿಪ್ಪಾಣಿಗೆ ಮದುವಿಗೆ ಹೋಗಿದ್ವಿ. ಸಂಜಿ ಆರಕ್ಕ ಬಂದು ನೋಡಿದ್ರ ಇಲ್ಲ. ಬರೂ ರವಿವಾರ ಗೋವಾದಾಗ ಗಾಡಿ ಓಡಸೂ ಪೈಪೋಟಿ ಐತ್ರಿ. ಹೆಸರು ಕೊಟ್ಟೇನಿ, ದೋಸ್ತರಿಗೆಲ್ಲ ಹೇಳೇನಿ. ಅಷ್ಟರಾಗ ಸಿಗಬೇಕು."

"ಯಾರ ಮ್ಯಾಲರೆ ಸಂಶಯ?"

"ಯಾರ ಮ್ಯಾಲೂ ಇಲ್ರಿ."

"ಗಾಡಿ ಕೆಲಸ ಯಾರ ಕಡಿಂದ ಮಾಡಸ್ತೀರಿ?"

"ಯಾರ ಕಡಿಂದ್ಲೂ ಇಲ್ಲ. ಎರಡು ವರ್ಷ ಮನಿಯಾಗ ಕುಂತು ನಾನ ಮಾಡೇನಿ."

ಗುರುಪುತ್ರಪ್ಪ ಹೇಳಿದ್ದನ್ನು ಹೇಳಿದಂತೆ ಬರೆದರು. ಅಪರಾಧ ಸಂಖ್ಯೆ ೧೪೩/೨೦೦೦, ಭಾರತೀಯ ದಂಡ ಸಂಹಿತೆ ಕಲಂ ೪೫೪ ಮತ್ತು ೩೮೦. ಪಿಎಸ್ಐ ಮುತ್ತಪ್ಪ ಪೂಜೇರಿ ಎಫ್‌ಐಆರ್‌ಗೆ ಸಹಿ ಹಾಕಿದಾಗ ಗಂಟೆ ಹನ್ನೊಂದೂವರೆ. ಜೀಪು ಅಲ್ಲಿಂದ ನೇರ ಸ್ಟೇಷನ್ ರಸ್ತೆಗೆ ಹೋಯಿತು.

ಮನೆಯ ಹಿಂದೆ ಹಂಚಿನ ಶೆಡ್ಡು. ಒಳಗೆ ಕಪ್ಪುನೀಲಿ ಬಣ್ಣದ ಜಪಾನಿ ಕಾರು, ಎರಡೇ ಬಾಗಿಲಿನದು, ಗೋವಾದ ಹೋಟೆಲಿನವನೊಬ್ಬ ಮಾರಿದ್ದು. ಬಾಗಿಲ ಕೀಲಿ ಒಡೆದಿರಲಿಲ್ಲ. ಹಂಚಿನ ಸಂದಿಯಲ್ಲಿ ಇಡುತ್ತಿದ್ದ ಕೀಲಿಕೈ ಸಂದಿಯಲ್ಲಿಯೇ ಇತ್ತು. ಟೇಪ್ ರೆಕಾರ್ಡರ್ ಇತ್ತು, ಹೊಸ ಟಾಯರುಗಳಿದ್ದವು, ಸೀಟಿನ ಮೇಲೆ ಕ್ಯಾಮೆರಾ ಕೂಡ ಇತ್ತು. ಕಳ್ಳ ಅದ್ಯಾವುದಕ್ಕೂ ಕೈ ಹಚ್ಚಿರಲಿಲ್ಲ.

ಮುತ್ತಪ್ಪ ಬಾನೆಟ್ ಎತ್ತಿಸಿದರು. ಟರ್ಬೊ ಬಿಚ್ಚಿದಲ್ಲಿ ತೆರೆದುಕೊಂಡಿದ್ದ ಪೈಪುಗಳ ಬಾಯಿಗೆಲ್ಲ ಬಿಳಿ ಅರಿವೆ ಸುತ್ತಿ ಯಾರೋ ನೂಲಿನಿಂದ ಬಿಗಿದಿದ್ದರು. ಒಳಗೆ ಧೂಳು ಹೋಗಬಾರದೆಂದು. ಬಿಚ್ಚಿದ ಬೋಲ್ಟುಗಳು ಒಂದು ಬಶಿಯಲ್ಲಿ ಎಣ್ಣೆ ಸವರಿಸಿಕೊಂಡು ಸಾಲಾಗಿ ಮಲಗಿದ್ದವು.

"ಕಳ್ಳ ಏನ್ರಿ ಇಂವಾ?" ಅಂದರು ಮುತ್ತಪ್ಪ. "ಬಾಣಂತಿ ಆರೈಕಿ ಮಾಡಿಧಂಗ ಮಾಡಿ ಹೋಗ್ಯಾನ."

ಗುರುಪುತ್ರಪ್ಪ ಕನ್ನಡಕ ಏರಿಸಿ ಬಗ್ಗಿ ಆ ನೂಲಿನ ಗಂಟು ನೋಡುತ್ತಿದ್ದರು. ಜೋಳದ ಕಾಳಿಗಿಂತ ಸಣ್ಣ ಗಂಟು, ಚಪ್ಪಟೆ, ತುದಿ ಕತ್ತರಿಸಿದ್ದು. ನೇಯುವಾಗ ಎಳೆ ಕಡಿದರೆ ನೇಕಾರರು ಹೀಗೇ ಗಂಟು ಹಾಕುತ್ತಾರೆ, ಮಗ್ಗದ ಫಣಿಯೆಂಬ ಬಾಚಣಿಗೆಯ ಹಲ್ಲಿಗೆ ಸಿಗದೆ ಜಾರಿ ಹೋಗಲೆಂದು. ವಡಗಾವಿಯ ನೇಕಾರರ ಮನೆಯಲ್ಲಿ ಹುಟ್ಟಿದ ಗುರುಪುತ್ರಪ್ಪ ಏಳನೇ ವಯಸ್ಸಿಗೇ ಅಪ್ಪನ ಕೈಯಿಂದ ಹೊಡೆತ ತಿಂದು ಈ ಗಂಟು ಕಲಿತಿದ್ದರು. ಅರಿವೆಯೂ ಅಲ್ಲಿಯದೇ. ಗಂಜಿ ಬಿಡದ ಮಗ್ಗದ ಬಟ್ಟೆ.

ಆಮೇಲೆ ಅವರ ಕಣ್ಣು ಉಳಿದದ್ದರ ಮೇಲೆ ಬಿತ್ತು. ಎಂಜಿನ್ನಿನ ಸುತ್ತ ಹೋಗಿದ್ದ ವೈರುಗಳು ಮಗ್ಗಕ್ಕೆ ಉದ್ದಕ್ಕೆ ಹೂಡಿದ ಹಾಸಿನ ಎಳೆಗಳ ಹಾಗೆ ಒಂದರ ಪಕ್ಕ ಒಂದು ನೆಟ್ಟಗೆ ಮಲಗಿದ್ದವು. ನಾಲ್ಕು ಬೆರಳಿಗೊಂದು ಕಡೆ ಅದೇ ನೂಲು, ಅದೇ ಗಂಟು. ಅವು ನಿನ್ನೆಯ ಗಂಟುಗಳಲ್ಲ, ಎಣ್ಣೆ ಕುಡಿದು ಕಪ್ಪಾಗಿದ್ದವು.

"ಈ ವೈರಿಂಗ್ ಯಾರ ಮಾಡ್ಯಾರ್ರಿ?"

"ನಾನ ರೀ," ಅಂದ ಪ್ರಸಾದ. "ಮೊದಲ ಕಾಗಿ ಗೂಡಾಗಿತ್ತು. ನೀಟ್ ಮಾಡಾಕ ನಾಕು ತಿಂಗಳ ಹಿಡೀತು."

ಗುರುಪುತ್ರಪ್ಪ ಪಕ್ಕದ ಹಲಗೆಯ ಮೇಲಿದ್ದ ನೂಲಿನ ಉಂಡೆಯಿಂದ ಮೊಳದಷ್ಟು ಹರಿದು ಅವನ ಕೈಗೆ ಕೊಟ್ಟರು. "ಒಂದ ಗಂಟು ಹಾಕಿ ತೋರಸ್ರಿ."

ಪ್ರಸಾದ ನಕ್ಕ. ಹಾಕಿದ. ಅಂಗಡಿಯವರು ಚುರಮುರಿ ಪೊಟ್ಟಣಕ್ಕೆ ಹಾಕುವಂಥ ಗಂಟಾಯಿತು. ಇನ್ನೊಮ್ಮೆ ಹಾಕಿದ, ಅದು ಬಿಚ್ಚಿಯೇ ಹೋಯಿತು. ಅವನ ಕಿವಿ ಕೆಂಪಾದವು.

"ವಡಗಾವ್ಯಾಗ ನಿಮಗ ಗುರ್ತಿನವ್ರು ಅದಾರೇನ್ರಿ?"

"ಯಾರೂ ಇಲ್ಲ."

ಚಹದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಪದ್ಮಶ್ರೀಗೆ ತಡೆಯಲಾಗಲಿಲ್ಲ. "ಬಸಲಿಂಗಪ್ಪಣ್ಣಾರು ವಡಗಾವಿಯವ್ರ ಅಲ್ಲೇನ್ರಿ?"

"ಅಂವಾ?" ಅಂದ ಪ್ರಸಾದ. "ಅಂವನ್ನ ನಾ ಲೆಕ್ಕಕ್ಕ ಹಿಡದಿದ್ದಿಲ್ಲ. ಸುಮ್ನ ಬಂದು ಅದು ಇದು ಹಿಡಿಯಾಂವ."

ಉಳಿದದ್ದನ್ನು ಪದ್ಮಶ್ರೀಯೇ ಹೇಳಿದಳು. ಎರಡು ವರ್ಷದ ಹಿಂದೆ ವಡಗಾವಿಯ ಪಕ್ಕದ ಶಹಾಪುರದ ಓಣಿಯಲ್ಲಿ ರಬ್ಬರ್ ಪೈಪು ಹರಿದು ಈ ಕಾರು ನಿಂತಿತ್ತು. ದಾರಿಯಲ್ಲಿ ಹೋಗುತ್ತಿದ್ದ ಬಸಲಿಂಗಪ್ಪ ಅರಿವೆ ಸುತ್ತಿ ನೂಲು ಬಿಗಿದು ಅವರನ್ನು ಮನೆ ಮುಟ್ಟಿಸಿದ್ದ. ಮೊದಲು ಲಾರಿ ಗ್ಯಾರೇಜಿನಲ್ಲಿದ್ದವನು, ಈಗ ಕರೆಂಟ್ ಮಗ್ಗ ರಿಪೇರಿ ಮಾಡುವವನು. ಅಂದಿನಿಂದ ಒಂದು ರವಿವಾರವೂ ತಪ್ಪದೆ ಎಂಟು ಗಂಟೆಯ ರೈಲಿಗೆ ಬರುತ್ತಿದ್ದ. ಕೂಲಿ ಕೊಡಹೋದರೆ ಕೈ ಹಿಂದೆ ತೆಗೆದುಕೊಳ್ಳುತ್ತಿದ್ದ.

"ಗಾಡಿ ಗ್ಯಾರೇಜಿಗೆ ಹೋಗಿದ್ದ ಇಲ್ರಿ," ಅಂದಳು. "ಎಲ್ಲಾ ಅವರ ಮಾಡ್ಯಾರ. ಇವರು ಬಾಜು ಕುಂತು ಮಾತಾಡ್ತಿದ್ರು."

ಪ್ರಸಾದ ಹೆಂಡತಿಯನ್ನು ನೋಡಿದ ನೋಟಕ್ಕೆ ಚಹ ಕುಡಿಯುವ ಮನಸ್ಸು ಯಾರಿಗೂ ಆಗಲಿಲ್ಲ. ಪಂಚನಾಮೆ ಮುಗಿದಾಗ ಮಧ್ಯಾಹ್ನ ಎರಡು ಗಂಟೆ.

ಮರುದಿನ, ನವೆಂಬರ್ ೧೪, ಮಧ್ಯಾಹ್ನ ಮೂರಕ್ಕೆ ಜೀಪು ವಡಗಾವಿಗೆ ಬಂತು. ಓಣಿ ಸಣ್ಣದು, ತುದಿಯಲ್ಲಿಯೇ ಇಳಿದು ನಡೆಯಬೇಕಾಯಿತು. ಎರಡೂ ಕಡೆ ಮನೆಯೊಳಗಿಂದ ಮಗ್ಗಗಳ ಖಟಖಟ. ಗುರುಪುತ್ರಪ್ಪ ಈ ಓಣಿಗೆ ಕಾಲಿಟ್ಟು ಹನ್ನೊಂದು ವರ್ಷವಾಗಿತ್ತು. ಅಪ್ಪನ ಮನೆ ಇದ್ದಲ್ಲಿ ಯಾರೋ ನಾಲ್ಕು ಮಗ್ಗ ಹಾಕಿದ್ದರು. ಕಟ್ಟೆಯ ಮೇಲಿದ್ದ ಮುದುಕರಲ್ಲಿ ಒಬ್ಬರಾದರೂ "ಯಾವಾಗ ಬಂದಿ?" ಅಂತಾರೇನೋ ಎಂದು ಅವರು ಹೆಜ್ಜೆ ಸಾವಕಾಶ ಮಾಡಿದರು. ಖಾಕಿ ನೋಡಿ ಎಲ್ಲರೂ ಒಳಗೆ ಸರಿದರು.

ಬಸಲಿಂಗಪ್ಪನ ಬಾಡಿಗೆ ಮನೆಯ ಒಡತಿ ಅಕ್ಕವ್ವ ಕೆಳಗೆ ಬಾಗಿಲಲ್ಲಿಯೇ ಸಿಕ್ಕಳು.

"ಅದಾನೇನು?"

"ಅದಾನ್ರಿ. ನಿನ್ನಿಯಿಂದ ಕೆಲಸಕ್ಕ ಹೋಗಿಲ್ಲ. ನಮ್ಮ ಫೋನಿನ ಬಾಜು ಈ ಮೆಟ್ಟಲ ಮ್ಯಾಲ ಕುಂತಾನ. ತಾಸಿಗೊಮ್ಮಿ ಕೇಳ್ತಾನ, ಅಕ್ಕಾ, ಖಾನಾಪುರದಿಂದ ನನಗ ಫೋನ್ ಬಂದಿತ್ತೇನು ಅಂತ. ಈಗ ಉಣ್ಣಾಕ ಮ್ಯಾಲ ಹೋಗ್ಯಾನ. ಏನ್ ಮಾಡ್ಯಾನ್ರಿ?"

ಮುತ್ತಪ್ಪ ಅಕ್ಕವ್ವನನ್ನೂ ಪಕ್ಕದ ಮನೆಯ ದುಂಡಪ್ಪನನ್ನೂ ಪಂಚರಾಗಿ ಕರೆದುಕೊಂಡು ಮೇಲೆ ಹತ್ತಿದರು.

ಮೇಲೆ ಒಂದೇ ಕೋಣೆ, ಒಂದೇ ಚಾಪೆ, ಒಂದೇ ತಾಟು. ನಲವತ್ತಾರರ ಸಣಕಲು ಆಳು, ತಾಟಿನ ಮುಂದೆ ಕೂತಿದ್ದ. ಪೊಲೀಸರನ್ನು ಕಂಡು ಹೆದರಲಿಲ್ಲ. "ಬರ್ರಿ, ಕುಂದರ್ರಿ," ಅಂದ. ಕೂರಲು ಇದ್ದದ್ದು ಒಂದೇ ಕುರ್ಚಿ, ಅದರ ಮೇಲೆ ಬಿಳಿ ಅರಿವೆಯ ಗಂಟು. ಮುತ್ತಪ್ಪ ಬಿಚ್ಚಿಸಿದರು. ಟರ್ಬೊ ಒಳಗಿತ್ತು. ಮಸಿ ತೆಗೆದು ತಿಕ್ಕಿ ಇಟ್ಟದ್ದು, ಹೊಸ ತಂಬಿಗೆಯ ಹಾಗೆ ಹೊಳೆಯುತ್ತಿತ್ತು.

"ಇದ ತಗದಾಂವ ನೀನೇನು?"

"ಹೌದ್ರಿ."

"ಮಾರಾಕ?"

"ಛೆ," ಅಂದ. ಅಷ್ಟೇ ಮಾತಿಗೆ ಅವನ ಕಣ್ಣಲ್ಲಿ ನೀರು ಬಂತು.

ಜಪ್ತಿ ಪಂಚನಾಮೆ ಬರೆದು ಅವನನ್ನು ದಸ್ತಗಿರಿ ಮಾಡಿದಾಗ ಗಂಟೆ ನಾಲ್ಕು ಹತ್ತು. ಊಟ ಮುಗಿಸಲಿ ಎಂದು ಗುರುಪುತ್ರಪ್ಪ ಸಾಹೇಬರನ್ನು ಕೇಳಿಕೊಂಡರು. ಅವನು ತಾಟಿನಲ್ಲಿಯೇ ಕೈ ತೊಳೆದು ಎದ್ದ.

ಖಾನಾಪುರಕ್ಕೆ ಹೋಗುವಾಗ ಮುತ್ತಪ್ಪ ಡ್ರೈವರನ ಪಕ್ಕ ಮುಂದೆ ಕೂತರು. ಹಿಂದೆ ಇವರಿಬ್ಬರೇ ಎದುರುಬದುರು.

"ಯಾಕ್ ತಗದ್ಯೋ?" ಗುರುಪುತ್ರಪ್ಪ ಕೇಳಿದರು. ಠಾಣೆಯ ದನಿಯಲ್ಲಲ್ಲ, ಓಣಿಯ ದನಿಯಲ್ಲಿ.

"ಗಾಡಿ ಮುಗದಿತ್ರಿ."

"ಮುಗದ್ರ ಏನಾತು?"

ಬಸಲಿಂಗಪ್ಪ ಒಂದೊಂದೇ ಹೇಳತೊಡಗಿದ. "ಲಾರಿದು ಗಾಳಿ ತಂಪ ಮಾಡೂ ಡಬ್ಬಿ ತಂದು ಮುಂದ ಕೂಡಿಸಿದ್ವಿ. ಪೈಪು ಉದ್ಯಮಬಾಗದ ಕಾರ್ಖಾನ್ಯಾಗ ನಾನ ಲೇತ್ ಮ್ಯಾಲ ತಿರುವಿಸಿಕೊಂಡು ತಂದೆ. ಒಂದ ಬೋಲ್ಟ್ ತಿಕ್ಕಾಕ ಒಂದ ತಾಸು ಹಚ್ಚತಿದ್ದೆ, ಲಗೂ ಮುಗಿಬಾರದಂತ. ಆದ್ರೂ ಮುಗದ ಬಿಡ್ತು. ಹ್ವಾದ ರವಿವಾರದ ಹಿಂದಿನ ರವಿವಾರ, ಐದನೇ ತಾರೀಖು, ಪ್ರಸಾದವ್ರ ದೋಸ್ತರು ಇಬ್ಬರು ಬಂದಿದ್ರು. ಕಣಕುಂಬಿ ತನಕ ಓಡಿಸಿ ನೋಡೂಣು ಅಂದ್ರು. ನಾ ಕೈ ತೊಳಕೊಂಡು ಅಂಗಿ ಹಾಕ್ಕೊಂಡು ಬಂದೆ. ಗಾಡಿ ಗೇಟ್ ದಾಟಿತ್ತು. ತಿರಿಗಿ ಬಂದ ಪ್ರಸಾದವ್ರು ಅಂದ್ರು, ಇನ್ನ ಕೆಲಸ ಇಲ್ಲಲ್ಲಾ ಬಸಲಿಂಗಪ್ಪಾ, ಬರೂದು ಬ್ಯಾಡ ಅಂತ. ಸಿಟ್ಟಿಲೆ ಅಂದಿಲ್ರಿ. ನಕ್ಕೋತನ ಅಂದ್ರು."

"ಅದಕ್ಕ ಸೇಡು ತೀರಿಸಿಕೊಂಡಿ."

"ಸೇಡು ಯಾಕ್ರಿ? ನನಗ ಮಂದಿ ಅಂದ್ರ ಅವರೊಬ್ಬರ ಇದ್ರು. ಮೊನ್ನಿ ರವಿವಾರ ಎಂಟರ ರೈಲು ಹತ್ತಿಬಿಟ್ಟೆ, ಕಾಲಿಗೆ ಗೊತ್ತಾಗಲಿಲ್ಲ. ಮನಿ ಕೀಲಿ ಹಾಕಿತ್ತು. ಒಂದ ಸಾಮಾನು ತಗದ್ರ ಗಾಡಿ ನಿಲ್ಲತೈತಿ, ಯಾರ ಕೆಡಸ್ಯಾರ ಅನ್ನೂದಕ್ಕಿಂತ ಮೊದಲ ಬಸಲಿಂಗಪ್ಪನ್ನ ಕರೀರಿ ಅಂತಾರ ಅನಕೊಂಡೆ. ಅದಕ್ಕ ಬೋಲ್ಟ್ ಎಲ್ಲಾ ಸಾಲಾಗಿ ಇಟ್ಟ ಬಂದೆ. ಫೋನ್ ಬಂದ್ರ ಹೋಗಿ ತಾಸಿನ್ಯಾಗ ಕೂಡಿಸಿ ಬರಬಹುದಿತ್ತು."

ಪ್ರಸಾದ ಫೋನು ಮಾಡಿರಲಿಲ್ಲ, ನೇರ ಠಾಣೆಗೆ ಬಂದಿದ್ದ. ಎದುರು ಕೂತವನ ಮೇಲೆ ಗುರುಪುತ್ರಪ್ಪನವರಿಗೆ ಇನ್ನಿಲ್ಲದ ಮರುಕ ಬಂತು. ತಮ್ಮ ಮೇಲೂ ಬಂತು.

ಖಾನಾಪುರದ ಸೇತುವೆ ಹತ್ತಿರವಾದಾಗ ಬಸಲಿಂಗಪ್ಪ ಕೇಳಿದ, "ಒಂದ ಮಾತು ಕೇಳ್ತೀನ್ರಿ, ಖರೇ ಹೇಳ್ರಿ. ನೀವು ನನ್ನ ಮನೀಗೆ ಬಂದ್ರಲ್ಲಾ, ನನ್ನ ಹೆಸರು ಪ್ರಸಾದವ್ರ ಹೇಳಿದ್ರೇನ್ರಿ?"

ಇಪ್ಪತ್ತೊಂಬತ್ತು ವರ್ಷ ನೌಕರಿ ಮಾಡಿದ ಗುರುಪುತ್ರಪ್ಪ ಹೇಳಿಕೆಯೊಳಗಿನ ಒಂದು ಅಕ್ಷರವನ್ನೂ ಎಂದೂ ತಿರುಚಿದವರಲ್ಲ.

"ಹೂಂ," ಅಂದರು. "ಕೇಳಿದ ಕೂಡಲೆ ನಿನ್ನ ಹೆಸರ ಹೇಳಿದ್ರು."

ಬಸಲಿಂಗಪ್ಪ ಸೀಟಿಗೆ ಬೆನ್ನು ಹಚ್ಚಿ ಕೂತ. "ಹಂಗಾರ ಅವರಿಗೆ ನನ್ನ ನೆನಪೈತಿ," ಅಂದ.